ತುಕ್ಕಿನ ತವರು ಕಂಡ ಕರಮಚಂದ ಮೆಹ್ತಾ

ಕಲಬುರಗಿ ನಗರದಿಂದ ಈಶಾನ್ಯಕ್ಕೆ, ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಕಮಲಾಪುರವೆಂಬ ಊರಿದೆ. ಕೆಂಪು ಬಾಳೆಯ ಹಣ್ಣಿನಿಂದ ಆ ಊರಿನ ಹೆಸರು ದೂರದವರೆಗೂ ಹಬ್ಬಿದೆ. ಆದರೆ ಸುತ್ತಲಿನ ಎರೆಭೂಮಿಯಲ್ಲಿ ಒಕ್ಕಲಿಗನ ಬದುಕನ್ನು ಹೊತ್ತು ನಿಂತಿರುವ ಬೆಳೆಗಳು ತೊಗರಿ, ಜೋಳ ಮತ್ತು ಕಡಲೆ. ಹಿಂಗಾರಿನಲ್ಲಿ ಇವುಗಳ ನಡುವೆ, ತೇವ ನಿಲ್ಲುವ ಹೊಲಗಳಲ್ಲಿಯೂ ಬಾವಿಯ ನೀರು ಹಾಯುವ ತುಂಡುಭೂಮಿಗಳಲ್ಲಿಯೂ ಗೋಧಿ ಕಾಣಸಿಗುತ್ತದೆ. ಹಬ್ಬದ ಹೋಳಿಗೆಗೂ ಜಾತ್ರೆಯ ಹುಗ್ಗಿಗೂ ಮನೆಯಲ್ಲಿ ಬೆಳೆದ ಗೋಧಿಯೇ ಆಗಬೇಕೆಂಬ ಹಂಬಲ ನಮ್ಮ ಭಾಗದ ಜನರಿಗೆ ಹಿಂದಿನಿಂದಲೂ ಉಂಟು.

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಕಾಲವದು, 1970ರ ಆಸುಪಾಸು. ಪುಷ್ಯಮಾಸದ ಒಂದು ಬೆಳಗ್ಗೆ ಅಜ್ಜನೊಡನೆ ಕಮಲಾಪುರದ ಕಡೆಯ ಬಂಧುಗಳ ಹೊಲಕ್ಕೆ ಹೋಗಿದ್ದೆ. ತೆನೆ ಹೊರಟಿದ್ದ ಗೋಧಿಯ ಸಾಲುಗಳ ನಡುವೆ ನಡೆದು ಆಚೆಯ ಬದುವನ್ನು ಏರಿದಾಗ ಅಜ್ಜನ ಬಿಳಿಯ ಧೋತರದ ಅಂಚು ಕೆಂಪು ಬೆರೆತ ಹಳದಿ ಬಣ್ಣಕ್ಕೆ ತಿರುಗಿತ್ತು. ನನ್ನ ಬರಿಗಾಲುಗಳಿಗೂ ಅದೇ ಪುಡಿ ಮೆತ್ತಿತ್ತು. ಮೈಲಾರಲಿಂಗನ ಜಾತ್ರೆಯಲ್ಲಿ ಭಕ್ತರು ಎರಚುವ ಭಂಡಾರದಂತೆ ಕಂಡ ಆ ಪುಡಿ ನನಗೆ ಆಟದ ವಸ್ತುವಾಯಿತು. ಅಜ್ಜನ ಮುಖ ಮಾತ್ರ ಬಾಡಿತು. ಬೆಳೆಗೆ ಭಂಡಾರ ಬಿದ್ದಿದೆಯೆಂದು ಹೇಳಿ, ಮರಳಿ ಮನೆ ಸೇರುವವರೆಗೂ ಅವರು ಮತ್ತೊಂದು ಮಾತಾಡಲಿಲ್ಲ. ಆ ವರ್ಷ ರಾಶಿಯಲ್ಲಿ ಸಿಕ್ಕ ಕಾಳು ಜೀರಿಗೆಯಂತೆ ಸೊರಗಿತ್ತು. ಕಲಬುರಗಿಯ ಗಂಜಿನಲ್ಲಿ ವ್ಯಾಪಾರಿಯೊಬ್ಬರು ಚೀಲದೊಳಗೆ ಕೈಯಿಳಿಸಿ, ಒಂದು ಹಿಡಿ ಕಾಳನ್ನು ಮೇಲೆತ್ತಿ, ಬೆರಳ ಸಂದಿಯಿಂದ ಹಾಗೆಯೇ ಕೆಳಕ್ಕೆ ಬಿಟ್ಟರು. ಬೆಲೆಯ ಮಾತೇ ಬರಲಿಲ್ಲ.

ಈ ಭಂಡಾರ ಎಲ್ಲಿಂದ ಬರುತ್ತದೆ? ಬೇಸಿಗೆಯಲ್ಲಿ ಹೊಲ ಬರಿದಾಗಿ ನೆಲ ಬಿರುಕು ಬಿಟ್ಟಾಗ ಎಲ್ಲಿ ಅಡಗುತ್ತದೆ? ಮುಂದಿನ ಹಿಂಗಾರಿನಲ್ಲಿ ಯಾರೂ ಕರೆಯದಿದ್ದರೂ ಹೇಗೆ ಮರಳಿ ಬರುತ್ತದೆ? ಅಂದು ನಮ್ಮ ಊರಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಇರಲಿಲ್ಲ. ಆದರೆ ಉತ್ತರ ಅದಾಗಲೇ ದೊರೆತಿತ್ತು. ಅದನ್ನು ಹುಡುಕಲು ತಮ್ಮ ಆಯುಷ್ಯದ ಇಪ್ಪತ್ತೇಳು ವರ್ಷಗಳನ್ನು ವ್ಯಯಿಸಿದವರು ಆಗ್ರಾ ನಗರದ ಒಬ್ಬ ಕಾಲೇಜು ಅಧ್ಯಾಪಕರು. ಅವರೇ ಕರಮಚಂದ ಮೆಹ್ತಾ.

ಮೆಹ್ತಾ ಅವರ ಕಾರ್ಯದ ಹಿರಿಮೆ ತಿಳಿಯಬೇಕಾದರೆ ಮೊದಲು ಈ ರೋಗದ ಪರಿಚಯ ಮಾಡಿಕೊಳ್ಳಬೇಕು. ನಮ್ಮ ರೈತರು ಭಂಡಾರ ರೋಗವೆಂದು ಕರೆಯುವ ಇದಕ್ಕೆ ಪುಸ್ತಕದ ಹೆಸರು ತುಕ್ಕು ರೋಗ. ಹಳೆಯ ಕಬ್ಬಿಣಕ್ಕೆ ಹಿಡಿಯುವ ತುಕ್ಕಿನ ಬಣ್ಣವನ್ನು ಹೋಲುವುದರಿಂದ ಆ ಹೆಸರು ಬಂದಿದೆ. ಇದನ್ನು ಉಂಟುಮಾಡುವುದು ಪಕ್ಸೀನಿಯ ಎಂಬ ಕುಲಕ್ಕೆ ಸೇರಿದ ಶಿಲೀಂಧ್ರ. ಗೋಧಿಯನ್ನು ಕಾಡುವ ತುಕ್ಕು ಮೂರು ಬಗೆ. ಕಾಂಡದ ಮೇಲೂ ಅದನ್ನು ಸುತ್ತಿದ ಎಲೆಯ ಪೊರೆಯ ಮೇಲೂ ಇಟ್ಟಿಗೆಯ ಬಣ್ಣದ ಉದ್ದನೆಯ ಗುಳ್ಳೆಗಳು ಎದ್ದು, ಸಿಪ್ಪೆಯನ್ನು ಹರಿದು ಹೊರಬಂದರೆ ಅದು ಕಾಂಡ ತುಕ್ಕು. ಬೆಳೆ ಮಾಗುವಾಗ ಅದೇ ಗುಳ್ಳೆಗಳು ಕಪ್ಪಾಗುವುದರಿಂದ ಅದಕ್ಕೆ ಕರಿ ತುಕ್ಕು ಎಂದೂ ಹೆಸರು. ಎಲೆಯ ಮೇಲೆ ಕಿತ್ತಳೆ ಬಣ್ಣದ ಸಣ್ಣ ದುಂಡು ಚುಕ್ಕೆಗಳು ಅಲ್ಲಲ್ಲಿ ಚೆದುರಿ ಕಂಡರೆ ಅದು ಎಲೆ ತುಕ್ಕು ಅಥವಾ ಕಂದು ತುಕ್ಕು. ಹೊಲಿಗೆಯ ಯಂತ್ರದಿಂದ ಹೊಲಿದಂತೆ ಹಳದಿ ಚುಕ್ಕೆಗಳು ಸಾಲುಸಾಲಾಗಿ ನಿಂತು ಪಟ್ಟೆಗಳಾದರೆ ಅದು ಹಳದಿ ತುಕ್ಕು. ಮೂರನೆಯದಕ್ಕೆ ಚಳಿ ಬೇಕು. ಆದ್ದರಿಂದ ಅದು ಉತ್ತರ ಭಾರತದ ಬೆಟ್ಟದ ತಪ್ಪಲುಗಳನ್ನು ಕಾಡುತ್ತದೆಯೇ ಹೊರತು ನಮ್ಮ ಬಿಸಿಲನಾಡಿನ ಬಯಲಿಗೆ ಕಾಲಿಡುವುದಿಲ್ಲ. ನಮಗೆ ಶತ್ರುಗಳು ಮೊದಲಿನ ಎರಡು.

ಎಲೆ ಹಳದಿಯಾದ ಮಾತ್ರಕ್ಕೆ ತುಕ್ಕೆಂದು ತಿಳಿಯಬಾರದು. ಗೊಬ್ಬರದ ಕೊರತೆಯಿಂದಲೂ ನೀರು ಹೆಚ್ಚಾದುದರಿಂದಲೂ ಎಲೆಗೆ ಆ ಬಣ್ಣ ಬರಬಹುದು. ಅನುಮಾನ ಬಂದ ಎಲೆಯನ್ನು ಬೆರಳಿನಿಂದ ಉಜ್ಜಿ ನೋಡಬೇಕು. ಬೆರಳಿಗೆ ಪುಡಿ ಅಂಟಿದರೆ ಅದು ತುಕ್ಕು. ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಒಂದು ಮಿಲಿಮೀಟರಿನ ಸುಮಾರು ನಲವತ್ತನೆಯ ಒಂದು ಭಾಗದಷ್ಟಿರುವ ಆ ಕಣ ಗಾಳಿಯಲ್ಲಿ ತೇಲಿ, ಇಬ್ಬನಿಯಿಂದ ಒದ್ದೆಯಾದ ಮತ್ತೊಂದು ಎಲೆಯ ಮೇಲೆ ಇಳಿದು ಮೊಳೆಯುತ್ತದೆ. ಎಲೆಯ ಒಳಹೊಕ್ಕು ಸಸ್ಯದ ಆಹಾರವನ್ನು ಹೀರುತ್ತದೆ. ಹವೆ ಅನುಕೂಲವಾಗಿದ್ದರೆ ಎರಡು ವಾರದೊಳಗೆ ಹೊಸ ಗುಳ್ಳೆ ಒಡೆದು ಸಾವಿರಾರು ಹೊಸ ಬೀಜಾಣುಗಳು ಹೊರಬೀಳುತ್ತವೆ. ಕಾಳಿಗೆ ಸೇರಬೇಕಾದ ಸಾರ ಹೀಗೆ ಶಿಲೀಂಧ್ರದ ಪಾಲಾಗುತ್ತದೆ. ಹರಿದ ಸಿಪ್ಪೆಯಿಂದ ನೀರು ಆರಿಹೋಗುತ್ತದೆ, ಕಾಂಡ ಬಲಗುಂದಿ ಮುರಿಯುತ್ತದೆ. ಅಜ್ಜನ ಚೀಲದಲ್ಲಿದ್ದ ಜೀರಿಗೆಯಂಥ ಕಾಳು ಹೀಗೆ ಆದದ್ದು.

ಈ ಶಿಲೀಂಧ್ರಕ್ಕೆ ಒಂದು ವಿಶೇಷ ಗುಣವಿದೆ. ಸತ್ತ ಹುಲ್ಲಿನ ಮೇಲಾಗಲಿ ಬರಿಯ ಮಣ್ಣಿನಲ್ಲಾಗಲಿ ಅದು ಬೆಳೆಯಲಾರದು. ಅದಕ್ಕೆ ಜೀವಂತ ಸಸ್ಯವೇ ಬೇಕು. ಹಾಗಾದರೆ ಮಾರ್ಚಿಯಲ್ಲಿ ಗೋಧಿ ಕೊಯ್ದ ಮೇಲೆ ಅಕ್ಟೋಬರಿನವರೆಗೆ, ಒಂದು ಹಸಿರು ಗೋಧಿಯ ಗಿಡವೂ ಇಲ್ಲದ ಬಯಲಿನಲ್ಲಿ ಅದು ಬದುಕುವುದು ಹೇಗೆ? ಸಮಸ್ಯೆಯ ಗಂಟು ಇಲ್ಲಿತ್ತು.

ಯುರೋಪಿನ ವಿಜ್ಞಾನಿಗಳು ಈ ಗಂಟನ್ನು ತಮ್ಮ ಮಟ್ಟಿಗೆ ಬಿಚ್ಚಿದ್ದರು. ಜರ್ಮನಿಯ ಆಂಟನ್ ಡಿ ಬಾರಿ ಎಂಬ ಸಸ್ಯವಿಜ್ಞಾನಿ 1865ರಲ್ಲಿ, ಕಾಂಡ ತುಕ್ಕಿನ ಶಿಲೀಂಧ್ರವು ತನ್ನ ಜೀವನದ ಒಂದು ಭಾಗವನ್ನು ಗೋಧಿಯ ಮೇಲೂ ಇನ್ನೊಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೂ ಕಳೆಯುತ್ತದೆಂದು ತೋರಿಸಿಕೊಟ್ಟರು. ಅಮೆರಿಕದಲ್ಲಿ 1918ರಿಂದ ಲಕ್ಷಾಂತರ ಬಾರ್ಬೆರಿ ಪೊದೆಗಳನ್ನು ಬೇರುಸಹಿತ ಕಿತ್ತೊಗೆಯುವ ಬೃಹತ್ ಕಾರ್ಯ ಆರಂಭವಾಯಿತು. ಹಿಮಾಲಯದ ಇಳಿಜಾರುಗಳಲ್ಲಿಯೂ ಇದೇ ಜಾತಿಯ ಪೊದೆಗಳಿವೆ. ನಮ್ಮ ಆಯುರ್ವೇದದಲ್ಲಿ ದಾರುಹರಿದ್ರೆ, ಎಂದರೆ ಮರದ ಅರಿಶಿನ, ಎಂದು ಕರೆಯುವುದು ಅಂಥದೊಂದು ಗಿಡವನ್ನೇ. ಸಿಮ್ಲಾದಲ್ಲಿದ್ದ ಬಾರ್ಕ್ಲೆ ಎಂಬ ಆಂಗ್ಲ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಪೊದೆಗಳ ಮೇಲಿನ ತುಕ್ಕನ್ನು ಅಭ್ಯಸಿಸಿದ್ದರು. ಸಹಜವಾಗಿಯೇ ಭಾರತದ ಗೋಧಿಗೂ ಅಲ್ಲಿಂದಲೇ ರೋಗ ಬರಬಹುದೆಂಬ ಊಹೆ ಬಲವಾಯಿತು. ಆದರೆ ಬಾರ್ಬೆರಿ ಇರುವುದು ಬೆಟ್ಟದಲ್ಲಿ. ರೋಗ ಬೀಳುವುದು ನೂರಾರು ಮೈಲಿ ದೂರದ ಬಯಲಿನಲ್ಲಿ. ಈ ತೊಡಕನ್ನು ಪೂಸಾದ ಬಟ್ಲರ್ ಅವರು 1906ರಲ್ಲಿ ಹೇಮನ್ ಅವರೊಡನೆ ಪ್ರಕಟಿಸಿದ ವರದಿಯಲ್ಲಿ ಎತ್ತಿ ತೋರಿಸಿದರು. ಪ್ರಶ್ನೆ ಮಾತ್ರ ಪ್ರಶ್ನೆಯಾಗಿಯೇ ಉಳಿಯಿತು.

ಕರಮಚಂದ ಮೆಹ್ತಾ ಅವರು 1892ರಲ್ಲಿ ಪಂಜಾಬಿನ ಅಮೃತಸರದಲ್ಲಿ ಜನಿಸಿದರು. ಲಾಹೋರಿನಲ್ಲಿ ಸಸ್ಯಶಾಸ್ತ್ರದ ಉನ್ನತ ವ್ಯಾಸಂಗ ಮುಗಿಸಿ ಆಗ್ರಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದರು. ಆಯ್ದುಕೊಂಡ ವಿಷಯ ಅದೇ: ಕೇಂಬ್ರಿಜಿನ ಸುತ್ತಮುತ್ತಲಿನ ಹೊಲಗಳಲ್ಲಿ ತುಕ್ಕು ಪ್ರತಿ ವರ್ಷ ಹೇಗೆ ಮರಳಿ ಬರುತ್ತದೆ ಎಂಬುದು. ಆ ಪ್ರಬಂಧ 1923ರಲ್ಲಿ ಬ್ರಿಟಿಷ್ ಶಿಲೀಂಧ್ರವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಆಗ್ರಾದಲ್ಲಿ ಅದೇ ಪ್ರಶ್ನೆಯನ್ನು ಭಾರತದ ನೆಲಕ್ಕೆ ಕೇಳಲು ತೊಡಗಿದರು.

ಅಂದಿನ ಕಾಲೇಜುಗಳಲ್ಲಿ ಸಂಶೋಧನೆಗೆಂದು ಹಣ ಇಡುವ ಪದ್ಧತಿ ವಿರಳವಾಗಿತ್ತು. ಪಾಠ ಹೇಳುವುದು ಅಧ್ಯಾಪಕರ ಕೆಲಸ. ಉಳಿದುದು ಅವರವರ ಹವ್ಯಾಸ. ಮೆಹ್ತಾ ಅವರು ಮೊದಲ ಏಳು ವರ್ಷ ತಮ್ಮ ಕೈಯ ಅಲ್ಪ ಹಣದಿಂದಲೇ ಕಾರ್ಯ ನಡೆಸಿದರು. 1930ರಿಂದ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ನೆರವು ನೀಡತೊಡಗಿತು. ಆ ಏಳು ವರ್ಷಗಳನ್ನು ನೆನೆದಾಗ, ಸಂಬಳದ ಮೇಲೆಯೇ ಸಂಸಾರ ಸಾಗಿಸಿದ ನನ್ನಂಥ ಮೇಷ್ಟರಿಗೆ ಅವರ ಬಗೆಗೆ ಗೌರವ ಇಮ್ಮಡಿಯಾಗುತ್ತದೆ.

ಆಗ್ರಾದ ಬೇಸಿಗೆ ನಮ್ಮ ಕಲಬುರಗಿಯ ಬೇಸಿಗೆಗೆ ಏನೂ ಕಡಿಮೆಯದಲ್ಲ. ಮೇ ತಿಂಗಳಲ್ಲಿ ನೆರಳಿನಲ್ಲಿಯೇ ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ಆ ಬಿಸಿಲನ್ನೇ ಮೆಹ್ತಾ ಅವರು ತಮ್ಮ ಪ್ರಯೋಗದ ಸಾಧನವಾಗಿ ಮಾಡಿಕೊಂಡರು. ಕೊಯ್ಲಿನ ನಂತರ ಹೊಲದಲ್ಲಿ ಉಳಿದ ಕೂಳೆ, ಹುಲ್ಲು, ತಾವಾಗಿಯೇ ಮೊಳೆತ ಗೋಧಿಯ ಸಸಿ, ಇವುಗಳ ಮೇಲಿನ ಬೀಜಾಣುಗಳು ಎಷ್ಟು ದಿನ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತವೆಂದು ವರ್ಷವರ್ಷವೂ ಪರೀಕ್ಷಿಸಿದರು. ಬೇಸಿಗೆ ಏರಿದಂತೆ ಅವು ಸಾಯುತ್ತಿದ್ದವು. ಮಾಗಿದ ಬೆಳೆಯ ಮೇಲಿನ ಕಪ್ಪು ಬೀಜಾಣುಗಳೂ ಬಯಲಿನ ಸೆಕೆಯಲ್ಲಿ ನಿರುಪಯುಕ್ತವಾಗುತ್ತಿದ್ದವು. ಮಳೆಗಾಲ ಕಳೆದು ಹೊಸ ಬಿತ್ತನೆ ಆಗುವ ಹೊತ್ತಿಗೆ ಬಯಲಿನಲ್ಲಿ ರೋಗದ ಒಂದು ಕಣವೂ ಜೀವಂತವಾಗಿ ಉಳಿಯುತ್ತಿರಲಿಲ್ಲ. ನಮ್ಮ ಹೊಲದ ರೋಗ ನಮ್ಮ ಹೊಲದಲ್ಲಿ ಉಳಿದದ್ದಲ್ಲ ಎಂಬುದು ಅವರು ಸಾಧಿಸಿದ ಮೊದಲ ಸತ್ಯ.

ಹಾಗಾದರೆ ಬಾರ್ಬೆರಿ? ಆ ಪೊದೆಗಳನ್ನೂ ಅವರು ಬಿಡಲಿಲ್ಲ. ಹಿಮಾಲಯದಲ್ಲಿ ಅವುಗಳ ಎಲೆಯ ಮೇಲೆ ಕಂಡ ತುಕ್ಕನ್ನು ತಂದು ಗೋಧಿಯ ಸಸಿಗಳಿಗೆ ತಗುಲಿಸಿ ನೋಡಿದರು. ಭಾರತದಲ್ಲಿ ವರ್ಷವರ್ಷವೂ ಗೋಧಿಗೆ ರೋಗ ಮರಳುವುದರಲ್ಲಿ ಬಾರ್ಬೆರಿಯ ಪಾತ್ರವಿಲ್ಲವೆಂಬುದು ಖಚಿತವಾಯಿತು. ಯುರೋಪು, ಅಮೆರಿಕಗಳಲ್ಲಿ ದೃಢಪಟ್ಟ ಸಿದ್ಧಾಂತವೊಂದು ತನ್ನ ದೇಶಕ್ಕೆ ಅನ್ವಯಿಸುವುದಿಲ್ಲವೆಂದು ಹೇಳಲು ಪರಾಧೀನ ದೇಶದ ಕಾಲೇಜು ಅಧ್ಯಾಪಕನಿಗೆ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಪ್ರಯೋಗದ ಆಧಾರವಿಲ್ಲದೆ ಅವರು ಆ ಮಾತನ್ನು ಆಡುವಂತಿರಲಿಲ್ಲ; ಆಡಲೂ ಇಲ್ಲ.

ಬಯಲಿನಲ್ಲಿ ಸಿಗದ ಉತ್ತರವನ್ನು ಹುಡುಕುತ್ತ ಮೆಹ್ತಾ ಅವರು ಬೆಟ್ಟಗಳನ್ನು ಏರಿದರು. ಸಿಮ್ಲಾ, ಅಲ್ಮೋರಾ ಮುಂತಾದ ಕಡೆಗಳಲ್ಲಿ ವೀಕ್ಷಣೆ ನಡೆಯಿತು. ಐದು ಸಾವಿರ ಅಡಿಗೂ ಮೇಲ್ಪಟ್ಟ ತಂಪು ನೆಲೆಗಳಲ್ಲಿ ಬೇಸಿಗೆಯಲ್ಲಿಯೂ ಗೋಧಿ ಹಸಿರಾಗಿರುತ್ತಿತ್ತು. ಕೊಯ್ಲಿನಲ್ಲಿ ಉದುರಿದ ಕಾಳು ತಾನಾಗಿಯೇ ಮೊಳೆತು ನಿಲ್ಲುತ್ತಿತ್ತು. ಆ ಹಸಿರಿನ ಮೇಲೆ, ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಬಯಲಿನಲ್ಲಿ ಸತ್ತುಹೋದ ಅದೇ ತುಕ್ಕು ಸುಖವಾಗಿ ಬದುಕಿತ್ತು. ಅಲ್ಲಿಂದ ಅದು ಚಳಿಗಾಲದ ಬೆಳೆಗೆ ದಾಟಿ, ಬಳಿಕ ಗಾಳಿಯನ್ನೇರಿ ಬಯಲಿಗೆ ಇಳಿಯುತ್ತಿತ್ತು. ಗಾಳಿಯಲ್ಲಿ ಬೀಜಾಣು ನಿಜವಾಗಿಯೂ ಇದೆಯೇ ಎಂಬುದನ್ನು ತಿಳಿಯಲು ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಬೇರೆಬೇರೆ ಊರುಗಳಲ್ಲಿ ಗಾಳಿಗೆ ಒಡ್ಡಿದರು; ಗಾಳಿಪಟಗಳಿಗೂ ಬಲೂನುಗಳಿಗೂ ಅವನ್ನು ಕಟ್ಟಿ ಮೇಲಕ್ಕೆ ಏರಿಸಿದರು. ಕೆಳಗಿಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊಲದಲ್ಲಿ ರೋಗ ಕಾಣಿಸುವ ಮೊದಲೇ, ಗಾಜಿನ ಮೇಲೆ ಅದರ ಕಣಗಳು ಕೂತಿರುತ್ತಿದ್ದವು. ಮಕ್ಕಳ ಗಾಳಿಪಟ ವಿಜ್ಞಾನಕ್ಕೆ ಹೀಗೂ ಒದಗಿತು.

ಉತ್ತರ ಭಾರತಕ್ಕೆ ಹಿಮಾಲಯ ಸರಿ. ನಮ್ಮ ದಖ್ಖನಕ್ಕೆ? ಹಿಮಾಲಯ ಇಲ್ಲಿಗೆ ಬಹಳ ದೂರ. ಅಷ್ಟೇ ಅಲ್ಲ, ಕಾಂಡ ತುಕ್ಕು ಮೊದಲು ಕಾಣಿಸಿಕೊಳ್ಳುತ್ತಿದ್ದುದು ದಕ್ಷಿಣದಲ್ಲಿ. ಉತ್ತರಕ್ಕೆ ಹೋದಂತೆ ಅದು ತಡವಾಗುತ್ತಿತ್ತು. ಡಿಸೆಂಬರಿನ ಸುಮಾರಿಗೆ ಕರ್ನಾಟಕದ ಹೊಲಗಳಲ್ಲಿ ಕಂಡ ರೋಗ ಮಧ್ಯಭಾರತದಲ್ಲಿ ಕಾಣಲು ಮುಂದಿನ ವರ್ಷದ ಮೊದಲ ತಿಂಗಳುಗಳಾಗುತ್ತಿದ್ದವು. ರೋಗ ದಕ್ಷಿಣದಿಂದ ಉತ್ತರಕ್ಕೆ ನಡೆದು ಬರುತ್ತಿದೆಯೆಂದರೆ ಅದರ ತವರೂ ದಕ್ಷಿಣದಲ್ಲಿಯೇ ಇರಬೇಕು. ಮೆಹ್ತಾ ಅವರ ದೃಷ್ಟಿ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಕಡೆಗೆ ಹೊರಳಿತು. ಆ ತಂಪು ಬೆಟ್ಟಗಳಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಗೋಧಿ ಬಿತ್ತುತ್ತಿದ್ದರು. ಒಂದು ಬೆಳೆ ಮಾಗುವುದರೊಳಗೆ ಇನ್ನೊಂದು ಹಸಿರಾಗಿ ನಿಂತಿರುತ್ತಿತ್ತು. ತುಕ್ಕಿಗೆ ಅಲ್ಲಿ ಬಿಡುವೇ ಇರಲಿಲ್ಲ.

ಭೂಪಟವನ್ನು ತೆರೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಲಬುರಗಿಯಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಉದಕಮಂಡಲದ ಮೇಲೆಯೇ ಹಾಯುತ್ತದೆ. ನಡುವಿನ ಅಂತರ ಸುಮಾರು 650 ಕಿಲೋಮೀಟರು. ನಮ್ಮ ಅಜ್ಜನ ಧೋತರಕ್ಕೆ ಮೆತ್ತಿದ ಭಂಡಾರದ ತವರು ಮನೆ, ಅವರು ಎಂದೂ ನೋಡದ ಆ ಚಹದ ತೋಟಗಳ ಬೆಟ್ಟದಲ್ಲಿತ್ತು.

ಈ ವಿಚಾರಗಳ ಮುಖ್ಯ ಭಾಗವನ್ನು ಮೆಹ್ತಾ ಅವರು 1929ರ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಅಧ್ಯಕ್ಷರಾಗಿ ಮಂಡಿಸಿದರು. ಮುಂದಿನ ಸಂಶೋಧನೆಗಳನ್ನೆಲ್ಲ ಒಳಗೊಂಡ ದೊಡ್ಡ ಗ್ರಂಥದ ಮೊದಲ ಭಾಗವನ್ನು ಕೃಷಿ ಸಂಶೋಧನಾ ಪರಿಷತ್ತು 1940ರಲ್ಲಿ ಪ್ರಕಟಿಸಿತು.

ಇಷ್ಟರ ನಡುವೆ ಇನ್ನೊಂದು ಸೂಕ್ಷ್ಮ ಕಾರ್ಯವೂ ನಡೆದಿತ್ತು. ತುಕ್ಕಿನ ಶಿಲೀಂಧ್ರ ನೋಡಲು ಒಂದೇ ತೆರನಾಗಿದ್ದರೂ ಅದರೊಳಗೆ ಅನೇಕ ತಳಿಗಳಿವೆ. ಒಂದು ತಳಿಗೆ ಸೋಲದ ಗೋಧಿ ಇನ್ನೊಂದಕ್ಕೆ ಸೋಲುತ್ತದೆ. ಈ ತಳಿಗಳನ್ನು ಗುರುತಿಸಲು ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೀನ್ ಎಂಬ ವಿಜ್ಞಾನಿಗಳು ಹನ್ನೆರಡು ಬಗೆಯ ಗೋಧಿಗಳ ಒಂದು ತಂಡವನ್ನು ಗೊತ್ತುಮಾಡಿದ್ದರು. ರೋಗದ ಮಾದರಿಯನ್ನು ಹನ್ನೆರಡಕ್ಕೂ ತಗುಲಿಸಿ, ಯಾವುದು ಸೋತಿತು, ಯಾವುದು ನಿಂತಿತು ಎಂದು ಗುರುತು ಹಾಕಿದರೆ ತಳಿಯ ಪರಿಚಯವಾಗುತ್ತದೆ. ಆ ಹನ್ನೆರಡರಲ್ಲಿ ಒಂದರ ಹೆಸರು ಖಪ್ಲಿ. ಮಹಾರಾಷ್ಟ್ರದಲ್ಲಿ ಖಪ್ಲಿ ಎಂದೂ ನಮ್ಮಲ್ಲಿ ಸದಕ ಅಥವಾ ಜವೆ ಗೋಧಿ ಎಂದೂ ಕರೆಯುವ, ಹೊಟ್ಟು ಬಿಡದ, ಕೆಂಪು ಛಾಯೆಯ ಆ ಹಳೆಯ ಗೋಧಿ ಅನೇಕ ತುಕ್ಕಿನ ತಳಿಗಳನ್ನು ಎದುರಿಸಿ ನಿಲ್ಲಬಲ್ಲದು. ನಮ್ಮ ಮನೆಗಳಲ್ಲಿ ಹುಗ್ಗಿಗೆಂದು ಕುಟ್ಟುತ್ತಿದ್ದ ಧಾನ್ಯ ಜಗತ್ತಿನ ಪ್ರಯೋಗಶಾಲೆಗಳಲ್ಲಿ ರೋಗದ ಅಳತೆಗೋಲಾಗಿತ್ತೆಂಬುದು ಬಹಳ ಮಂದಿಗೆ ತಿಳಿಯದು. ಭಾರತದಲ್ಲಿ ತಳಿಗಳನ್ನು ಗುರುತಿಸುವ ಈ ಕಾರ್ಯವನ್ನು ಮೆಹ್ತಾ ಅವರು 1930ರ ದಶಕದಲ್ಲಿ ಸಿಮ್ಲಾದ ತಂಪಿನಲ್ಲಿ ಆರಂಭಿಸಿದರು. ಅಲ್ಲಿನ ಫ್ಲವರ್‌ಡೇಲ್ ಕೇಂದ್ರದಲ್ಲಿ ಆ ಪರಂಪರೆ ಇಂದಿಗೂ ಮುಂದುವರಿದಿದೆ.

ರೋಗದ ತವರು ತಿಳಿದ ಮೇಲೆ ಅದಕ್ಕೆ ಮದ್ದೇನು? ಬೆಟ್ಟಗಳಲ್ಲಿ ಬೇಸಿಗೆಯ ಗೋಧಿಯನ್ನು ಬೆಳೆಯದಿರುವುದು, ತಾವಾಗಿಯೇ ಮೊಳೆತ ಸಸಿಗಳನ್ನು ಬಿತ್ತನೆಗೆ ಎರಡು ಮೂರು ತಿಂಗಳು ಮೊದಲೇ ಕಿತ್ತುಹಾಕುವುದು ಮೆಹ್ತಾ ಅವರ ಸಲಹೆಯಾಗಿತ್ತು. ಹಸಿರಿನ ಸೇತುವೆಯನ್ನು ಕಡಿದರೆ ರೋಗ ದಾಟಲಾರದು. ತರ್ಕ ನಿರ್ದುಷ್ಟವಾಗಿದೆ. ಆದರೆ ಬೆಟ್ಟದ ಬಡ ಒಕ್ಕಲಿಗನ ಮನೆಯ ಗೋಧಿ ಅವನ ವರ್ಷದ ಅನ್ನ. ಕಮಲಾಪುರದ, ಜಬಲ್‌ಪುರದ ರೈತನಿಗಾಗಿ ಅವನು ಬಿತ್ತನೆ ನಿಲ್ಲಿಸಬೇಕೆನ್ನುವುದು ಕಾಗದದ ಮೇಲೆ ಬರೆದಷ್ಟು ಸುಲಭವಲ್ಲ. ಹಿಮಾಲಯದ ಸಾವಿರಾರು ಹಳ್ಳಿಗಳಲ್ಲಿ ಉದುರಿದ ಕಾಳು ಮೊಳೆತ ಒಂದೊಂದು ಸಸಿಯನ್ನೂ ಕೀಳುವವರು ಯಾರು? ಮೆಹ್ತಾ ಅವರ ಕಾರ್ಯದಲ್ಲಿ ನನಗೆ ಕಾಣುವ ದುರ್ಬಲ ಎಳೆ ಇದೊಂದೇ. ರೋಗವನ್ನು ಅವರು ಪೂರ್ತಿಯಾಗಿ ಓದಿದ್ದರು. ಬೆಟ್ಟದ ಒಕ್ಕಲಿಗನ ಕಷ್ಟ ಅವರ ಲೆಕ್ಕದಲ್ಲಿ ಅಷ್ಟಾಗಿ ಸೇರಲಿಲ್ಲ.

ಕಾಲವೂ ಕಾಯಲಿಲ್ಲ. 1946-47ರ ಹಿಂಗಾರಿನಲ್ಲಿ ಮಧ್ಯಭಾರತದ ಗೋಧಿಯ ಮೇಲೆ ಕಾಂಡ ತುಕ್ಕು ಮಹಾಮಾರಿಯಂತೆ ಎರಗಿತು. ಬಂಗಾಳದ ಕ್ಷಾಮ ಕಳೆದು ಮೂರು ವರ್ಷಗಳಾಗಿದ್ದವಷ್ಟೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ದೇಶ ಅನ್ನಕ್ಕಾಗಿ ಹೊರದೇಶಗಳ ಕಡೆಗೆ ನೋಡುತ್ತಿತ್ತು. ರೋಗ ಎಲ್ಲಿಂದ ಬರುತ್ತದೆಂದು ಬಲ್ಲವರಿದ್ದರೂ ಬಂದ ರೋಗವನ್ನು ತಡೆಯಬಲ್ಲ ಗೋಧಿ ಇನ್ನೂ ಹೊಲ ಸೇರಿರಲಿಲ್ಲ.

ಆ ಗೋಧಿಯನ್ನು ರೂಪಿಸುವ ಪ್ರಯತ್ನ ಬಿ. ಪಿ. ಪಾಲ್ ಅವರಿಂದ 1930ರ ದಶಕದಲ್ಲಿಯೇ ಮೊದಲಾಗಿತ್ತು. ಪೂಸಾದಲ್ಲಿಯೂ, ಭೂಕಂಪದ ನಂತರ 1936ರಲ್ಲಿ ದೆಹಲಿಗೆ ಸ್ಥಳಾಂತರಗೊಂಡ ಅದೇ ಸಂಸ್ಥೆಯಲ್ಲಿಯೂ ಪಾಲ್ ಅವರು ತುಕ್ಕನ್ನು ತಡೆಯುವ ಗೋಧಿಗಾಗಿ ಸಂಕರಣ ನಡೆಸಿದರು. ಯಾವ ತಳಿಯ ತುಕ್ಕನ್ನು ಎದುರಿಸಬೇಕೆಂದು ತಿಳಿಯದೆ ಇಂಥ ಗೋಧಿಯನ್ನು ರೂಪಿಸಲಾಗದು. ಆ ತಿಳಿವಳಿಕೆ ಮೆಹ್ತಾ ಅವರ ಕಾರ್ಯದಿಂದ ಬಂದಿತು. ಮೂರೂ ಬಗೆಯ ತುಕ್ಕುಗಳನ್ನು ತಡೆಯುವ ಎನ್. ಪಿ. 809 ಎಂಬ ಗೋಧಿ 1950ರ ದಶಕದಲ್ಲಿ ಹೊರಬಂದಿತು.

ಅದನ್ನು ನೋಡಲು ಮೆಹ್ತಾ ಅವರು ಇರಲಿಲ್ಲ. 1950ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಗ್ರಂಥದ ಎರಡನೆಯ ಭಾಗ ಪ್ರಕಟವಾದದ್ದು 1952ರಲ್ಲಿ, ಲೇಖಕರು ಕಣ್ಮರೆಯಾದ ಎರಡು ವರ್ಷಗಳ ಮೇಲೆ.

ಅವರು ಬಿಟ್ಟುಹೋದ ಒಂದು ಪ್ರಶ್ನೆಗೆ ಮುಂದಿನ ಪೀಳಿಗೆ ಉತ್ತರ ಕಂಡಿತು. ನೀಲಗಿರಿಯ ಬೀಜಾಣು ಇಷ್ಟು ದೂರದ ಬಯಲನ್ನು ಒಮ್ಮೆಗೇ ತಲುಪುವುದು ಹೇಗೆ? ಎಲ್. ಎಂ. ಜೋಶಿ ಮತ್ತು ಎಸ್. ನಾಗರಾಜನ್ ಅವರು 1970ರ ದಶಕದಲ್ಲಿ ಹವಾಮಾನದ ನಕ್ಷೆಗಳನ್ನೂ ಉಪಗ್ರಹದ ಚಿತ್ರಗಳನ್ನೂ ರೋಗದ ವರದಿಗಳೊಡನೆ ಹೋಲಿಸಿ ನೋಡಿದರು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ದಕ್ಷಿಣದ ಕರಾವಳಿಯನ್ನು ಹಾಯುವಾಗ ಬೆಟ್ಟಗಳ ಮೇಲಿನ ಬೀಜಾಣುಗಳನ್ನು ಎತ್ತಿ ಉತ್ತರಕ್ಕೆ ಒಯ್ಯುತ್ತವೆ. ಮಳೆಹನಿಯೊಡನೆ ಅವು ಎಳೆಯ ಬೆಳೆಯ ಮೇಲೆ ಇಳಿಯುತ್ತವೆ. ಮೆಹ್ತಾ ಅವರು ಗಾಳಿಪಟದಿಂದ ಹಿಡಿಯಲೆತ್ನಿಸಿದ ದಾರಿಯನ್ನು ಇವರು ಆಕಾಶದಿಂದ ಕೆಳಗೆ ನೋಡಿ ಗುರುತಿಸಿದರು. ನಾನು ಕಾಲಿಗೆ ಪುಡಿ ಮೆತ್ತಿಕೊಂಡು ಆಡುತ್ತಿದ್ದುದೂ ಹೆಚ್ಚುಕಡಿಮೆ ಅದೇ ಕಾಲ.

ಇಂದಿನ ರೈತನಿಗೆ ಅಜ್ಜನ ಕಾಲದ ಅಸಹಾಯಕತೆ ಇಲ್ಲ. ತುಕ್ಕನ್ನು ತಡೆಯುವ ತಳಿಯನ್ನು ಆರಿಸಿಕೊಂಡರೆ ಅರ್ಧ ಯುದ್ಧ ಗೆದ್ದಂತೆ. ನಮ್ಮ ಸದಕ ಗೋಧಿಯನ್ನೇ ತಿದ್ದಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಡಿ. ಡಿ. ಕೆ. 1025, ಡಿ. ಡಿ. ಕೆ. 1029 ಮುಂತಾದ ಗಿಡ್ಡ ತಳಿಗಳಿವೆ. ಆದರೆ ತುಕ್ಕಿನ ಹೊಸ ತಳಿ ಹುಟ್ಟಿಕೊಂಡಾಗ ಹಿಂದೆ ನಿಂತ ಗೋಧಿಯೂ ಸೋಲಬಹುದು. ಆದುದರಿಂದ ಹಳೆಯ ಬೀಜವನ್ನು ಕುರುಡಾಗಿ ನಂಬದೆ, ಆಯಾ ವರ್ಷ ಕೃಷಿ ಇಲಾಖೆ ಹೇಳುವ ತಳಿಯನ್ನು ವಿಚಾರಿಸಬೇಕು. ಬಿತ್ತನೆ ತಡವಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಬೀಜಾಣು ಬಂದಿಳಿಯುವಾಗ ಬೆಳೆ ಇನ್ನೂ ಎಳೆಯದಾಗಿದ್ದು, ಕಾಳು ಕಟ್ಟುವ ಹೊತ್ತಿಗೆ ರೋಗ ಪೂರ್ತಿ ಹಬ್ಬಿರುತ್ತದೆ. ಯೂರಿಯಾ ಹೆಚ್ಚು ಸುರಿದರೆ ಎಲೆ ಸೊಂಪಾಗಿ ಬೆಳೆದು ಶಿಲೀಂಧ್ರಕ್ಕೆ ಔತಣವಾಗುತ್ತದೆ. ಮೊದಲ ಗುಳ್ಳೆಗಳು ಕಂಡೊಡನೆ ಪ್ರೊಪಿಕೊನಜೋಲ್ ಎಂಬ ಔಷಧಿಯನ್ನು ಲೀಟರ್ ನೀರಿಗೆ 1 ಮಿಲಿಲೀಟರಿನಂತೆ ಬೆರೆಸಿ ಸಿಂಪಡಿಸಬೇಕು. ಅಗತ್ಯ ಕಂಡರೆ ಹದಿನೈದು ದಿನಗಳ ಮೇಲೆ ಮತ್ತೊಮ್ಮೆ. ಇಡೀ ಹೊಲ ಕೆಂಪಾದ ಮೇಲೆ ಹೊಡೆದ ಔಷಧಿ ದುಡ್ಡಿಗೆ ದಂಡ.

ಹೋದ ಡಿಸೆಂಬರಿನಲ್ಲಿ ಕಮಲಾಪುರದ ಅದೇ ಹೊಲಕ್ಕೆ ನಾನು ಹೋಗಿದ್ದೆ. ಬಂಧುಗಳ ಮೊಮ್ಮಗ ಈಗ ಅದನ್ನು ನೋಡಿಕೊಳ್ಳುತ್ತಿದ್ದಾನೆ. ಹಿಂದಿನ ವಾರ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ದಿನ ಮೋಡ ಮುಸುಕಿ, ತುಂತುರು ಬಿದ್ದಿತ್ತಂತೆ. ಇಬ್ಬನಿ ಆರಿದ ಮೇಲೆ ಆತ ಗೋಧಿಯ ಸಾಲುಗಳಲ್ಲಿ ಬಗ್ಗಿ, ಕೆಳಗಿನ ಎಲೆಗಳನ್ನು ಒಂದೊಂದಾಗಿ ತಿರುವಿ, ಹೆಬ್ಬೆರಳಿನಿಂದ ಉಜ್ಜಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ನಾಲ್ಕು ಸಾಲು ಮುಗಿದಿದ್ದವು. ಬೆರಳು ಇನ್ನೂ ಸ್ವಚ್ಛವಾಗಿತ್ತು. ಐದನೆಯ ಸಾಲಿಗೆ ಹೊರಳಿದ.